ಕವಡೆಯ ಲೆಕ್ಕ, ಕಂಪ್ಯೂಟರಿನ ಆಟ

ವಿಜಯನಗರ, ಬಸವೇಶ್ವರನಗರಗಳ ಅಡ್ಡರಸ್ತೆಗಳಲ್ಲಿ ಸಂಗೀತ, ಅಬ್ಯಾಕಸ್ ಪಾಠದ ಫಲಕಗಳ ಪಕ್ಕ ಈಗ ‘ಕೋಡಿಂಗ್’ ಫಲಕವೂ ತೂಗುತ್ತಿದೆ. ಆರರಿಂದ ಎಂಟನೆಯ ತರಗತಿಯ ಹಂತದಲ್ಲೇ ಕೋಡಿಂಗ್ ಚಟುವಟಿಕೆ ಇರಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿದ ಮೇಲಂತೂ ಪೋಷಕರಿಗೆ ಆತುರ. ಆದರೆ ಅಮೆರಿಕದ ಎಂಐಟಿ 2007ರಲ್ಲಿ ಹೊರತಂದ ‘ಸ್ಕ್ರ್ಯಾಚ್’ ಇಂದಿಗೂ ಉಚಿತ. ಬಣ್ಣದ ತುಂಡುಗಳನ್ನು ಒಂದಕ್ಕೊಂದು ಜೋಡಿಸಿ ಆಟ ಕಟ್ಟಬಹುದು. ಹಾಗಿದ್ದಮೇಲೆ ಶುಲ್ಕ ಯಾತಕ್ಕೆ?

ರಾಜಾಜಿನಗರದ ನೆರೆಮನೆಯ ಮಕ್ಕಳಿಗೆ ಇದನ್ನು ಹೇಳಿಕೊಡುವಾಗ ನಾನು ಚೌಕಾಬಾರವನ್ನೇ ಆರಿಸಿಕೊಳ್ಳುತ್ತೇನೆ. 25 ಮನೆ, 4 ಕವಡೆ. ಎಲ್ಲವೂ ಅಂಗಾತ ಬಿದ್ದರೆ ನಾಲ್ಕು, ಎಲ್ಲವೂ ಬೋರಲಾದರೆ ಎಂಟು. 1, 2, 3, 4, 8ರಲ್ಲಿ ಒಂದನ್ನು ಆರಿಸೆಂದು ಮಕ್ಕಳು ಮೊದಲು ಯಂತ್ರಕ್ಕೆ ಅಪ್ಪಣೆ ಕೊಡುತ್ತಾರೆ. ಆಗ ಸರಾಸರಿ 5 ಎಸೆತಕ್ಕೊಂದು ನಾಲ್ಕು! ಅಜ್ಜಿಯೊಡನೆ ಆಡಿ ಬಲ್ಲವರು ತಕ್ಷಣ ತಗಾದೆ ತೆಗೆಯುತ್ತಾರೆ. ನಿಜದ ಕವಡೆ ಅಷ್ಟು ಉದಾರಿಯಲ್ಲ. ಪ್ರತಿ ಕವಡೆಯನ್ನೂ ಬೇರೆಯಾಗಿ ಎಸೆಯುವಂತೆ ತುಂಡುಗಳನ್ನು ಮರುಜೋಡಿಸಿದರೆ, ಎರಡೂ ಬದಿ ಸಮನಾಗಿ ಬೀಳುತ್ತವೆಂದು ಎಣಿಸಿದಲ್ಲಿ, 16ರಲ್ಲಿ ಒಮ್ಮೆ ಮಾತ್ರ ನಾಲ್ಕು, ಆರು ಸಲ ಎರಡು. ಸಂಭವನೀಯತೆ ಎಂಬ ಭಾರದ ಪದವನ್ನು ನಾನು ಉಚ್ಚರಿಸುವುದೇ ಇಲ್ಲ.

ಮುಂದಿನದು ಜಗಳ. ಎದುರಾಳಿಯ ಕಾಯಿ ಹೊಡೆಯದೆ ಒಳಸುತ್ತಿಗೆ ಪ್ರವೇಶವಿಲ್ಲವೆಂಬುದು ಒಬ್ಬರ ಮನೆಯ ಕಟ್ಟಳೆ, ಇನ್ನೊಬ್ಬರಲ್ಲಿ ಹಾಗಿಲ್ಲ. ‘ನಮ್ಮಲ್ಲಿ ಹೀಗೇ’ ಎಂದರೆ ಯಂತ್ರ ಕೇಳದು. ವಾದಿಸಿ, ಒಪ್ಪಿ, ಸ್ಪಷ್ಟವಾಗಿ ಹೇಳಬೇಕು.

ಶಿಕ್ಷಕರ ಪರದೆ ನೋಡಿ ನಕಲು ಮಾಡಿದ ಮಗುವಿಗೆ ಈ ಜಗಳದ ಭಾಗ್ಯವಿಲ್ಲ, ಪ್ರಮಾಣಪತ್ರವಷ್ಟೇ. ಪೋಷಕರು ಅದನ್ನು ಬದಿಗಿಟ್ಟು, ಮಗು ಮಾಡಿದ ಆಟವನ್ನು ಒಂದು ಸುತ್ತು ಆಡಲಿ. ಸೋತರೆ, ನಿಯಮ ಹೀಗೇಕೆಂದು ಮಗುವನ್ನೇ ವಿಚಾರಿಸಲಿ.