ಹಳೆಯ ಕಾಗದಗಳ ಹೊಸ ವಿಳಾಸ

ಬೆಂಗಳೂರಿನಲ್ಲಿ ಹೆಬ್ಬಾಳ ದಾಟಿ ಬಳ್ಳಾರಿ ರಸ್ತೆ ಹಿಡಿದರೆ ಜಿಕೆವಿಕೆ ಆವರಣ ಸಿಗುತ್ತದೆ. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಇರುವುದು ಅದರೊಳಗೇ. ಎಲ್ಲರ ಬಾಯಲ್ಲಿ ಅದು ಎನ್‌ಸಿಬಿಎಸ್. ಜೀವಕೋಶ, ಜೀನು, ಹಣ್ಣುನೊಣ ಎಂದು ಹಗಲಿರುಳು ದುಡಿಯುವ ವಿಜ್ಞಾನಿಗಳ ಜಾಗದ ನೆಲಮಾಳಿಗೆಯಲ್ಲಿ 2019ರಿಂದ ಒಂದು ಪತ್ರಾಗಾರ ಸಾರ್ವಜನಿಕರಿಗೆ ತೆರೆದಿದೆ. ಅಲ್ಲಿರುವುದು ವಿಜ್ಞಾನಿಗಳು ಬರೆದ ಮತ್ತು ಅವರಿಗೆ ಬಂದ ಕಾಗದಗಳು, ಪ್ರಯೋಗಾಲಯದ ನೋಟ್‌ಬುಕ್‌ಗಳು, ಫೋಟೊ, ನೆಗೆಟಿವ್, ಹಿರಿಯರ ಮಾತುಗಳ ಧ್ವನಿಮುದ್ರಣ. ಏನೇನಿದೆ ಎಂಬ ಪಟ್ಟಿಯನ್ನು ಮನೆಯಿಂದಲೇ ಅಂತರ್ಜಾಲದಲ್ಲಿ ಹುಡುಕಬಹುದು.

ಪ್ರಕಟವಾದ ಪ್ರಬಂಧಗಳು ಗ್ರಂಥಾಲಯದಲ್ಲಿ ಹೇಗೂ ಉಳಿಯುತ್ತವೆ. ಖಾಸಗಿ ಕಾಗದ ಯಾಕೆ ಬೇಕು? ಈ ಕೇಂದ್ರ ಕಟ್ಟಿದ ಒಬೈದ್ ಸಿದ್ದಿಕಿಯವರ ಬದುಕೇ ಅದಕ್ಕೆ ಉತ್ತರ. 1962ರಲ್ಲಿ ಅವರು ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸೇರಿ ಅಣುಜೀವವಿಜ್ಞಾನ ಘಟಕ ಶುರುಮಾಡಿದ್ದು ಭೌತವಿಜ್ಞಾನಿ ಲಿಯೊ ಸಿಲಾರ್ಡ್ ಅವರ ಶಿಫಾರಸು, ಹೋಮಿ ಭಾಭಾ ಅವರ ಆಹ್ವಾನದಿಂದ. ಮುಂದೆ, ಕೀನ್ಯಾದಲ್ಲಿ ಹುಟ್ಟಿ ಡಬ್ಲಿನ್‌ನಲ್ಲಿ ಓದುತ್ತಿದ್ದ ವೆರೋನಿಕಾ ರಾಡ್ರಿಗ್ಸ್ ಎಂಬ ಹುಡುಗಿ ಸಿದ್ದಿಕಿಯವರ ಸಂಶೋಧನೆ ಓದಿ ಅವರಿಗೊಂದು ಪತ್ರ ಬರೆದಳು, ಅವರ ಬಳಿ ಕಲಿಯಲು ಭಾರತಕ್ಕೆ ಬಂದಳು, ನೊಣ ರುಚಿ ಮತ್ತು ವಾಸನೆಯನ್ನು ಹೇಗೆ ಅರಿಯುತ್ತದೆ ಎಂಬ ವಿಷಯದಲ್ಲಿ ಹೆಸರಾಂತ ವಿಜ್ಞಾನಿಯಾದಳು. ಇಂಥ ತಿರುವುಗಳು ಯಾವ ಪ್ರಬಂಧದಲ್ಲೂ ಅಚ್ಚಾಗುವುದಿಲ್ಲ, ಅವು ಉಳಿದರೆ ಕಾಗದಗಳಲ್ಲಿ ಮಾತ್ರ. 2013ರಲ್ಲಿ ತೀರಿಕೊಂಡ ಸಿದ್ದಿಕಿಯವರ ಕಾಗದಪತ್ರಗಳು ಈಗ ಇದೇ ಪತ್ರಾಗಾರದಲ್ಲಿವೆ.

ಪತ್ರಾಗಾರದ ಕಸುಬಿನ ಕ್ರಮಗಳು ನಮ್ಮ ಅಟ್ಟದ ಮೇಲಿನ ಟ್ರಂಕಿಗೂ ಅಷ್ಟೇ ಒಪ್ಪುತ್ತವೆ. ಹೆಚ್ಚಿನವರು ಕಾಗದಗಳನ್ನು ಡಿಜಿಟಲ್ ಮಾಡುವುದೆಂದರೆ ಬರೀ ಸ್ಕ್ಯಾನ್ ಎಂದುಕೊಳ್ಳುತ್ತಾರೆ. ಸ್ಕ್ಯಾನಿಂಗ್ ಇದರಲ್ಲಿ ಕೊನೆಗೆ ಬರುವ, ಎಲ್ಲಕ್ಕಿಂತ ಸುಲಭದ ಕೆಲಸ. ಅದಕ್ಕೆ ಮೊದಲು ಕಾಗದಗಳು ಇದ್ದ ಕ್ರಮವನ್ನು ಕೆಡಿಸದೆ ಗುರುತು ಹಾಕಿಕೊಳ್ಳಬೇಕು. ಹಳೆಯ ಮನೆಗಳಲ್ಲಿ ಬಂದ ಕಾಗದವನ್ನು ಓದಿದ ಮೇಲೆ ಗೋಡೆಗೆ ನೇತುಹಾಕಿದ ಕೊಕ್ಕೆ ತಂತಿಗೆ ಚುಚ್ಚುತ್ತಿದ್ದರು. ತಳದ್ದು ಎಲ್ಲಕ್ಕಿಂತ ಹಳೆಯದು, ಮೇಲಿನದು ಹೊಸದು. ತಾರೀಖಿಲ್ಲದ ಕಾಗದ ಯಾವ ಎರಡರ ನಡುವೆ ಇತ್ತು ಎನ್ನುವುದೇ ಅದರ ಕಾಲವನ್ನು ಹೇಳುತ್ತದೆ. ಅಚ್ಚುಕಟ್ಟು ಮಾಡುವ ಉತ್ಸಾಹದಲ್ಲಿ ಮಾವನ ಕಾಗದ ಒಂದು ಕಡೆ, ಅತ್ತಿಗೆಯದು ಇನ್ನೊಂದು ಕಡೆ ಎಂದು ವಿಂಗಡಿಸಿದ ಕ್ಷಣ ಆ ಸಾಕ್ಷ್ಯ ಹೋಯಿತು. ಅಂಚೆಚೀಟಿ ಸಂಗ್ರಹಿಸುವ ಮಕ್ಕಳು ಲಕೋಟೆಯ ಮೂಲೆ ಕತ್ತರಿಸಿದಾಗಲೂ ಹೀಗೇ. ಚೀಟಿಯ ಜೊತೆಗೆ ಠಸ್ಸೆಯೂ, ಠಸ್ಸೆಯ ಜೊತೆಗೆ ಊರೂ ತಾರೀಖೂ ಹೋದವು.

ತಾರೀಖು ಹುಡುಕುವುದು ಈ ಕೆಲಸದಲ್ಲಿ ನನಗೆ ಬಹಳ ಹಿಡಿಸಿದ ಭಾಗ. ನಮ್ಮ ಹಿರಿಯರು ಇಸವಿ ಬರೆಯದೆ 'ಪರಾಭವ ಸಂವತ್ಸರದ ಕಾರ್ತಿಕ ಶುದ್ಧ ಪಂಚಮಿ' ಎಂದಷ್ಟೇ ಬರೆದಿರುತ್ತಾರೆ. ಸಂವತ್ಸರ 60 ವರ್ಷಕ್ಕೊಮ್ಮೆ ಮರಳಿ ಬರುವುದರಿಂದ ಅದು 1906ರ ಕಾಗದವೂ ಆಗಬಹುದು, 1966ರದ್ದೂ ಆಗಬಹುದು. ಆಗ ಲಕೋಟೆಯನ್ನು ನೋಡಬೇಕು. ಅಂಚೆಚೀಟಿಯ ಬೆಲೆ ಆಣೆಯಲ್ಲಿದೆಯೋ ಪೈಸೆಯಲ್ಲೋ? ದಶಮಾಂಶ ನಾಣ್ಯ ಬಂದದ್ದು 1957ರ ಏಪ್ರಿಲ್‌ನಲ್ಲಿ. 'ನಯೇ ಪೈಸೆ' ಎಂದಿದ್ದರೆ 1957ರಿಂದ 1964ರ ಒಳಗಿನ ಚೀಟಿ. ವಿಳಾಸದಲ್ಲಿ ಪಿನ್‌ಕೋಡ್ ಇದ್ದರೆ ಕಾಗದ 1972ರ ಆಗಸ್ಟ್ 15ರ ನಂತರದ್ದು. 'ಕರ್ನಾಟಕ ರಾಜ್ಯ' ಎಂದಿದ್ದರೆ ಬಹುತೇಕ 1973ರ ನವೆಂಬರ್ ಆಚೆಯದು. ಒಳಗೆ ವಾರದ ಹೆಸರೂ ಇದ್ದರೆ ಪಂಚಾಂಗ ತಿರುವಿ ದಿನವನ್ನೇ ಗೊತ್ತುಮಾಡಬಹುದು. ಆದ್ದರಿಂದಲೇ ಸ್ಕ್ಯಾನ್ ಮಾಡುವಾಗ ಕಾಗದದ ಎರಡೂ ಮಗ್ಗುಲು, ಲಕೋಟೆಯ ಹಿಂದುಮುಂದು, ಅಂಚಿನಲ್ಲಿ ಅಡ್ಡಡ್ಡ ಗೀಚಿದ ಎರಡು ಸಾಲು, ಮದುವೆ ಕರೆಯೋಲೆಯ ಮೂಲೆಗೆ ಹಚ್ಚಿದ ಅರಿಶಿನ ಎಲ್ಲವೂ ಬರಬೇಕು.

ಕೈಯ ಕೆಲಸವೂ ಸಾಕಷ್ಟಿದೆ. ತುಕ್ಕು ಹಿಡಿದ ಗುಂಡುಪಿನ್ನನ್ನು ಎಳೆದು ತೆಗೆದರೆ ಕಾಗದವೂ ಕಿತ್ತು ಬರುತ್ತದೆ. ತೆಳ್ಳಗಿನ ಪ್ಲಾಸ್ಟಿಕ್ ಪಟ್ಟಿಯನ್ನು ಅಡಿಗೆ ತೂರಿಸಿ, ನಿಧಾನವಾಗಿ ಪಿನ್ ಸಡಿಲಿಸಬೇಕು. ಹರಿದಲ್ಲಿ ಸೆಲೋಟೇಪ್ ಹಚ್ಚಬಾರದು, ಕೆಲವು ವರ್ಷಗಳಲ್ಲಿ ಅಂಟು ಕಂದಾಗಿ ಅಕ್ಷರದೊಳಕ್ಕೆ ಇಳಿಯುತ್ತದೆ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಅಜ್ಜನ ಫೋಟೊವನ್ನು ಪ್ರೀತಿಯಿಂದ ಲ್ಯಾಮಿನೇಟ್ ಮಾಡಿಸಿ ತಂದವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ, ಯಾಕೆಂದರೆ ಆ ಬಿಸಿ ಪ್ಲಾಸ್ಟಿಕ್ಕನ್ನು ಮತ್ತೆ ಬಿಡಿಸಲು ಬರುವುದಿಲ್ಲ. ಅಂಟುಹಾಳೆಯ ಹಳೆಯ ಆಲ್ಬಮ್‌ಗಳಲ್ಲಿ ಫೋಟೊ ಕಚ್ಚಿಕೊಂಡಿದ್ದರೆ ಕೀಳುವ ಸಾಹಸ ಮಾಡದೆ ಪುಟವನ್ನು ಇದ್ದಂತೆಯೇ ಸ್ಕ್ಯಾನ್ ಮಾಡುವುದು ಮೇಲು. ಫೋಟೊದ ಬೆನ್ನ ಮೇಲೆ ಹೆಸರು ಬರೆಯಲು ಮೆದು ಪೆನ್ಸಿಲ್ ಸಾಕು, ಬಾಲ್‌ಪೆನ್ನಿನ ಒತ್ತು ಮುಂದಿನ ಮುಖದ ಮೇಲೆ ಗೀರಾಗಿ ಏಳುತ್ತದೆ.

ಸಾಧಾರಣ ಕಾಗದಕ್ಕೆ 400 ಡಿಪಿಐ, ಚಿಕ್ಕ ಫೋಟೊಗಳಿಗೆ 600 ಡಿಪಿಐ ಒಳ್ಳೆಯ ಅಳತೆ. ಮೂಲ ಪ್ರತಿಯನ್ನು ಟಿಫ್ ರೂಪದಲ್ಲಿ ಮುಟ್ಟದೆ ಇಟ್ಟು, ನೋಡಲು ಹಂಚಲು ಚಿಕ್ಕ ಜೆಪೆಗ್ ಪ್ರತಿ ಮಾಡಿಕೊಳ್ಳುತ್ತಾರೆ. ಕುಟುಂಬದ ವಾಟ್ಸ್‌ಆ್ಯಪ್ ಗುಂಪನ್ನೇ ಪತ್ರಾಗಾರ ಎಂದು ನಂಬಿಕೊಂಡವರಿಗೆ ಒಂದು ಮಾತು: ಅಲ್ಲಿ ಫೋಟೊ ಆಗಿ ಕಳಿಸಿದ್ದು ಕುಗ್ಗುತ್ತದೆ, ಅದರೊಳಗಿನ ತಾರೀಖಿನ ವಿವರವೂ ಕಳಚುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಇದ್ದಂತೆಯೇ ತಲುಪುತ್ತದೆ.

ನಾನು ಒತ್ತಿ ಹೇಳಬೇಕಾದದ್ದು ಇದರ ಮುಂದಿದೆ. ಕಾಗದ ಅಲಕ್ಷ್ಯವನ್ನು ತಡೆದುಕೊಳ್ಳುತ್ತದೆ. ಗೆದ್ದಲು, ತೇವ ತಾಗದಿದ್ದರೆ ಐವತ್ತು ವರ್ಷ ಯಾರೂ ಮುಟ್ಟದ ಟ್ರಂಕಿನಿಂದಲೂ ಓದುವ ಹಾಗೆ ಹೊರಬರುತ್ತದೆ. ಡಿಜಿಟಲ್ ಕಡತಕ್ಕೆ ಆ ಶಕ್ತಿಯಿಲ್ಲ. 90ರ ದಶಕದಿಂದ ಈಚೆಗೆ ನುಡಿ, ಬರಹ, ಶ್ರೀಲಿಪಿ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಎಷ್ಟೋ ಮಂದಿ ತಮ್ಮ ನೆನಪುಗಳನ್ನು ಟೈಪ್ ಮಾಡಿಟ್ಟರು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ರೋಮನ್ ಅಕ್ಷರ, ಚಿಹ್ನೆಗಳ ಗೋಜಲು. ಯೂನಿಕೋಡ್‌ಗೆ ಬದಲಿಸುವ ತಂತ್ರಾಂಶಗಳಿವೆ, ಅವು ಕೈಗೆ ಸಿಗುವಾಗಲೇ ಬದಲಿಸಿಕೊಳ್ಳಬೇಕು. ಕೈಬರಹದ ಕನ್ನಡವನ್ನು ನಂಬುವ ಹಾಗೆ ಪಠ್ಯವಾಗಿಸಬೇಕಾದರೆ ಇವತ್ತಿಗೂ ಮನುಷ್ಯರೇ ಕೂತು ಓದಬೇಕು, ಅದರಲ್ಲೂ ಅಜ್ಜಿಯ ಕೂಡಕ್ಷರ ಮನೆಯವರಿಗಷ್ಟೇ ಬಗ್ಗುತ್ತದೆ.

ಪತ್ರಾಗಾರಗಳು ಈ ಅಪಾಯವನ್ನು ಎದುರಿಸುವ ಬಗೆ ಸರಳ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ. ಪ್ರತಿ ಕಡತಕ್ಕೂ ಚೆಕ್‌ಸಮ್ ಎಂಬ ಉದ್ದನೆಯ ಗುರುತು ಲೆಕ್ಕಹಾಕಿ ಬರೆದಿಡುತ್ತಾರೆ. ಕಡತದಲ್ಲಿ ಒಂದೇ ಒಂದು ಬಿಟ್ ಕೆಟ್ಟರೂ ಮತ್ತೆ ಲೆಕ್ಕ ಹಾಕಿದಾಗ ಗುರುತು ಬೇರೆ ಬರುತ್ತದೆ, ಆಗ ಚೆನ್ನಾಗಿರುವ ಪ್ರತಿಯಿಂದ ಸರಿಪಡಿಸಬಹುದು. ಇದು ವರ್ಷವರ್ಷವೂ ನಡೆಯಬೇಕಾದ ಪಾರಾಯಣ. ಸ್ಕ್ಯಾನ್ ಆಯಿತಲ್ಲ ಎಂದು ಮೂಲ ಕಾಗದವನ್ನು ರದ್ದಿಗೆ ಹಾಕುವವರನ್ನು ತಡೆಯಬೇಕೆನಿಸುವುದು ಇದಕ್ಕೇ.

ಎಲ್ಲವನ್ನೂ ಎಲ್ಲರಿಗೂ ತೆರೆದಿಡಬೇಕೇ? ಬೇಕಿಲ್ಲ. ನಮಗೆ ಬಂದ ಕಾಗದ ವಸ್ತುವಾಗಿ ನಮ್ಮದು, ಅದರೊಳಗಿನ ಬರಹದ ಹಕ್ಕು ಬರೆದವರದು. ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಲೇಖಕರ ಜೀವಿತಾವಧಿಯ ನಂತರವೂ ಆ ಹಕ್ಕು ವಾರಸುದಾರರ ಬಳಿ ಇರುತ್ತದೆ. ಕಾನೂನಿಗಿಂತ ದೊಡ್ಡದು ಮನೆಯ ಮರ್ಯಾದೆ. ಸಾಲ, ಕಾಯಿಲೆ, ಮುರಿದುಬಿದ್ದ ಸಂಬಂಧ, ಹೇಳದೆ ಉಳಿದ ಮಾತುಗಳು ಆ ಕಟ್ಟುಗಳಲ್ಲಿರುತ್ತವೆ. ಪತ್ರಾಗಾರಕ್ಕೆ ಕೊಡುವಾಗ ಕೆಲವನ್ನು ಇಂತಿಷ್ಟು ವರ್ಷ ಮುಚ್ಚಿಡಿ ಎಂದು ಕುಟುಂಬ ಬರಹದಲ್ಲೇ ಷರತ್ತು ಹಾಕಬಹುದು. ನಾಚಿಕೆಗೆ ಸುಟ್ಟುಬಿಡುವುದಕ್ಕಿಂತ ಇದು ಎಷ್ಟೋ ಮೇಲು.

ಸ್ಕ್ಯಾನರ್ ನಾಳೆಯೂ ಸಿಗುತ್ತದೆ, ಫೋಟೊದಲ್ಲಿ ಎಡದಿಂದ ಮೂರನೆಯವರು ಯಾರು ಎಂದು ಬಲ್ಲವರು ಸಿಗಲಿಕ್ಕಿಲ್ಲ. ಹಾಗಾಗಿ ಮೊದಲು ಮನೆಯ ಹಿರಿಯರನ್ನು ಕೂರಿಸಿಕೊಂಡು, ಆಲ್ಬಮ್ ತೆರೆದಿಟ್ಟು, ಫೋನಿನಲ್ಲಿ ಧ್ವನಿಮುದ್ರಣ ಒತ್ತಿ. ಪ್ರತಿ ಫೋಟೊಗೂ ಒಂದು ಸಂಖ್ಯೆ ಕೊಟ್ಟು, ಅದರ ಬಗ್ಗೆ ಮಾತಾಡುವ ಮೊದಲು ಆ ಸಂಖ್ಯೆಯನ್ನು ಗಟ್ಟಿಯಾಗಿ ಹೇಳಿ. ಆಮೇಲೆ ಯಾವ ಮಾತು ಯಾವ ಫೋಟೊದ್ದು ಎಂದು ಜೋಡಿಸುವವರಿಗೆ ಅದರಿಂದ ಅರ್ಧ ಕೆಲಸ ಉಳಿಯುತ್ತದೆ.