ಪಟ್ಟಿಯ ಹೊರಗುಳಿದವರು ಮತ್ತು ಊರಿನ ಸಂಘಗಳು

2020ರ ಮಾರ್ಚ್ 25ರಂದು ದೇಶದಾದ್ಯಂತ ಜಾರಿಗೆ ಬಂದ ಲಾಕ್‌ಡೌನ್ ಸೋಂಕು ಹರಡದಂತೆ ತಡೆಯಲು ಕೈಗೊಂಡ ಕ್ರಮವಾಗಿದ್ದರೂ, ದಿನಗೂಲಿಯನ್ನೇ ನಂಬಿದ ಕುಟುಂಬಗಳ ಪಾಲಿಗೆ ದುಡಿಮೆ, ಸಂತೆ, ಸಾರಿಗೆ ಮೂರೂ ಒಮ್ಮೆಗೇ ನಿಂತುಹೋದವು. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳಲ್ಲಿ ಈ ಸಂಕಟ ಇನ್ನೊಂದು ಸಂಕಟದ ಬೆನ್ನಿಗೇ ಬಂದಿತ್ತು. 2019ರ ಆಗಸ್ಟ್‌ನಲ್ಲಿ ಘಟಪ್ರಭಾ ಮತ್ತು ಅದರ ಉಪನದಿಗಳು ಉಕ್ಕಿ ಹರಿದು, ಗೋಕಾಕ ಪಟ್ಟಣಕ್ಕೂ ನದಿಪಾತ್ರದ ಹಳ್ಳಿಗಳಿಗೂ ನೀರು ನುಗ್ಗಿ, ಮನೆ ಮತ್ತು ಬೆಳೆ ಕಳೆದುಕೊಂಡವರು ಚೇತರಿಸಿಕೊಳ್ಳುವ ಮೊದಲೇ, ಎಂಟು ತಿಂಗಳು ತುಂಬುವ ಮುನ್ನವೇ ಕೂಲಿಯ ದಾರಿಯೂ ಮುಚ್ಚಿತು.

ಸರ್ಕಾರದ ಪರಿಹಾರ ಇರಲಿಲ್ಲವೆಂದಲ್ಲ. ಪ್ರಧಾನಮಂತ್ರಿ ಗರೀಬ್ ಕಲ್ಯಾಣ್ ಅನ್ನ ಯೋಜನೆಯಡಿ 2020ರ ಏಪ್ರಿಲ್‌ನಿಂದ ಪಡಿತರ ಫಲಾನುಭವಿಗಳಿಗೆ ತಿಂಗಳಿಗೆ ತಲಾ 5 ಕೆ.ಜಿ. ಹೆಚ್ಚುವರಿ ಆಹಾರಧಾನ್ಯ ಮಂಜೂರಾಯಿತು, ಮಹಿಳೆಯರ ಜನಧನ್ ಖಾತೆಗಳಿಗೆ ಮೂರು ತಿಂಗಳು 500 ರೂಪಾಯಿಯಂತೆ ಜಮೆಯಾಯಿತು, ಉದ್ಯೋಗ ಖಾತರಿ ಯೋಜನೆಯ ದಿನಗೂಲಿ ರಾಜ್ಯದಲ್ಲಿ 249ರಿಂದ 275 ರೂಪಾಯಿಗೆ ಏರಿತು. ಆದರೆ ಈ ಒಂದೊಂದು ಸವಲತ್ತಿನ ಹಿಂದೆಯೂ ಒಂದೊಂದು ಪಟ್ಟಿ ಇತ್ತು: ಒಂದಕ್ಕೆ ಪಡಿತರ ಚೀಟಿ, ಇನ್ನೊಂದಕ್ಕೆ ಬ್ಯಾಂಕ್ ಖಾತೆ, ಮತ್ತೊಂದಕ್ಕೆ ಜಾಬ್ ಕಾರ್ಡ್. ಚೀಟಿಯಲ್ಲಿ ಹೆಸರು ಸೇರದ ಒಂಟಿ ಮಹಿಳೆಗೂ, ದುಡಿಯಲು ಹೋದ ಊರಿನಿಂದ ಬರಿಗೈಲಿ ಮರಳಿದ ಕುಟುಂಬಕ್ಕೂ ಅದೇ ಧಾನ್ಯ, ಅದೇ ಹಣ ಎಟುಕದೆ ಹೋಗುವುದು ಈ ಕಾರಣದಿಂದಲೇ.

ಪಟ್ಟಿಯ ಈ ಮಹತ್ವ ಮಾಜಿ ದೇವದಾಸಿಯರ ಬದುಕಿನಲ್ಲಿ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಹೆಣ್ಣುಮಗುವಿಗೆ ಮುತ್ತು ಕಟ್ಟಿ ಯಲ್ಲಮ್ಮನಂಥ ದೇವತೆಗೆ ಬಿಡುವ ಪದ್ಧತಿಯನ್ನು ಕರ್ನಾಟಕ 1982ರ ಕಾಯ್ದೆಯ ಮೂಲಕ ನಿಷೇಧಿಸಿದರೂ, ಅದಕ್ಕೆ ಸಿಲುಕಿದ ಮಹಿಳೆಯರು, ಬಹುಪಾಲು ದಲಿತ ಕುಟುಂಬಗಳವರು, ಜಮೀನಿಲ್ಲದೆ, ಗಂಡನ ಹೆಸರಿಲ್ಲದೆ, ಮಕ್ಕಳ ಹೊಣೆಯನ್ನು ತಾವೊಬ್ಬರೇ ಹೊತ್ತು ಕೂಲಿಯಿಂದಲೋ ದೇವಿಯ ಹೆಸರಿನಲ್ಲಿ ಜೋಗ, ಅಂದರೆ ಭಿಕ್ಷೆ, ಬೇಡಿಯೋ ಬದುಕುತ್ತ ಬಂದಿದ್ದಾರೆ. 1993–94 ಮತ್ತು 2007–08ರ ಸರ್ಕಾರಿ ಸಮೀಕ್ಷೆಗಳು ಒಟ್ಟು 46,660 ಮಾಜಿ ದೇವದಾಸಿಯರನ್ನು ಗುರುತಿಸಿದವು. ಮಾಸಾಶನ ಮತ್ತು ಪುನರ್ವಸತಿ ಸವಲತ್ತುಗಳಿಗೆ ಆ ಸಮೀಕ್ಷೆಗಳೇ ಆಧಾರವಾದ್ದರಿಂದ, ಅಂದು ಹೆಸರು ಬರೆಸಲು ನಾಚಿದವರೂ ಊರಲ್ಲಿಲ್ಲದವರೂ ಹೊರಗೇ ಉಳಿದರು. ಲಾಕ್‌ಡೌನಿನಲ್ಲಿ ಗುಡಿಗಳ ಬಾಗಿಲು ಮುಚ್ಚಿದಾಗ ಜೋಗದ ಆಸರೆಯೂ ತಪ್ಪಿತು.

ಇಂಥವರನ್ನು ಗುರುತಿಸಬಲ್ಲದ್ದು ಸಮುದಾಯ ಆಧಾರಿತ ಸಂಸ್ಥೆ, ಅಂದರೆ ನೆರವು ಬೇಕಾದವರೇ ಸದಸ್ಯರೂ ಪದಾಧಿಕಾರಿಗಳೂ ಆಗಿರುವ ಸಂಘ. ಬೆಳಗಾವಿ ಜಿಲ್ಲೆಯಲ್ಲಿ ಇದಕ್ಕೆ ಉತ್ತಮ ನಿದರ್ಶನ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ, ಜನರ ಬಾಯಲ್ಲಿ ‘ಮಾಸ್’. 1990ರ ದಶಕದ ಆರಂಭದಲ್ಲಿ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆಯ ನೆರವಿನೊಂದಿಗೆ ಶುರುವಾದ ಪುನರ್ವಸತಿ ಕಾರ್ಯದಿಂದ ಬೆಳೆದು, 1997ರಲ್ಲಿ ಮಾಜಿ ದೇವದಾಸಿಯರದೇ ಸಂಸ್ಥೆಯಾಗಿ ರೂಪುಗೊಂಡ ಇದರ ಮುಂದಾಳು ಸೀತವ್ವ ಜೋಡಟ್ಟಿ, ಬಾಲ್ಯದಲ್ಲಿ ತಾವೂ ದೇವದಾಸಿಯಾಗಿ ಬಿಡಲ್ಪಟ್ಟಿದ್ದವರು, 2018ರಲ್ಲಿ ಪದ್ಮಶ್ರೀ ಪುರಸ್ಕೃತರಾದರು.

ಸಂಕಷ್ಟದ ಕಾಲದಲ್ಲಿ ಇಂಥ ಸಂಘದ ಬಲ ಅದು ಹಂಚುವ ದಿನಸಿ ಕಿಟ್‌ನ ತೂಕದಲ್ಲಿಲ್ಲ. ಯಾವ ಓಣಿಯ ಯಾವ ಮನೆಯಲ್ಲಿ ಒಲೆ ಹೊತ್ತಿಲ್ಲ, ಯಾರಿಗೆ ಪಡಿತರ ಚೀಟಿ ಇಲ್ಲ, ಯಾರ ಹೆಬ್ಬೆರಳಿನ ಗುರುತು ಯಂತ್ರಕ್ಕೆ ಹೊಂದುವುದಿಲ್ಲ ಎಂಬುದನ್ನು ವಾರದ ಸಭೆಗಳಲ್ಲಿ ಒಟ್ಟಿಗೆ ಕೂತ ಸದಸ್ಯೆಯರು ಅರ್ಜಿ ಬರುವ ಮೊದಲೇ ಬಲ್ಲರು. ಗೋಪ್ಯತೆಯ ವಿಷಯದಲ್ಲಿ ಈ ಪರಿಚಯ ಇನ್ನೂ ಅಗತ್ಯವಾಗುತ್ತದೆ. ಎಚ್‌ಐವಿ ಇರುವವರು ಎಆರ್‌ಟಿ ಎಂಬ ವೈರಾಣು ನಿಯಂತ್ರಕ ಮಾತ್ರೆಗಳನ್ನು ಒಂದು ದಿನವೂ ತಪ್ಪಿಸಬಾರದು. ಬಸ್ ನಿಂತಾಗ ಹಲವು ತಿಂಗಳ ಮಾತ್ರೆಗಳನ್ನು ಒಟ್ಟಿಗೆ ಕೊಡಲು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ಸೂಚಿಸಿತಾದರೂ, ನೆರೆಮನೆಗೆ ಸುಳಿವು ಸಿಗದಂತೆ ಅವನ್ನು ತಲುಪಿಸಲು ಮೊದಲೇ ವಿಶ್ವಾಸ ಗಳಿಸಿದವರೇ ಬೇಕು.

2020ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್, ಏಡ್ಸ್ ನಿಯಂತ್ರಣ ಸಂಸ್ಥೆ ಗುರುತಿಸಿದ ಲೈಂಗಿಕ ಕಾರ್ಯಕರ್ತೆಯರಿಗೆ ಗುರುತಿನ ದಾಖಲೆ ಕೇಳದೆ ಪಡಿತರ ನೀಡುವಂತೆ ರಾಜ್ಯಗಳಿಗೆ ಸೂಚಿಸಿದಾಗ, ಕಾಗದಪತ್ರಕ್ಕಿಂತ ಪರಿಚಯವನ್ನು ನಂಬಬಹುದೆಂಬ ತತ್ತ್ವಕ್ಕೆ ನ್ಯಾಯಾಲಯದ ಮುದ್ರೆ ಬಿದ್ದಂತಾಯಿತು. ಆದರೂ ಸಂಘಗಳು ಸರ್ಕಾರದ ಉಗ್ರಾಣಕ್ಕೆ ಬದಲಿಯಾಗಲಾರವು. ದಾನಿಗಳ ಹಣದಿಂದ ಬರುವ ಕಿಟ್ ಕೆಲವು ವಾರಗಳಲ್ಲಿ ಮುಗಿಯುತ್ತದೆ, ಪಡಿತರ ಚೀಟಿಯಲ್ಲಿ ಸೇರಿದ ಹೆಸರು ಮಾತ್ರ ಮುಂದಿನ ನೆರೆಗೂ ಮುಂದಿನ ಸಾಂಕ್ರಾಮಿಕಕ್ಕೂ ಉಳಿಯುತ್ತದೆ. ಹಾಗಾಗಿ ನದಿ ಶಾಂತವಾಗಿರುವಾಗ, ಸಂತೆ ತುಂಬಿರುವಾಗಲೇ ಪಂಚಾಯಿತಿಯ ಪಟ್ಟಿಯನ್ನು ಸಂಘದವರ ಎದುರು ಓದಿಸಿ ಬಿಟ್ಟುಹೋದವರನ್ನು ಸೇರಿಸುವುದು ಈ ಮೂರು ತಾಲ್ಲೂಕುಗಳ ಅನುಭವ ಕೇಳುವ ಕೆಲಸ.