ಬಳ್ಳಿಗಾವಿಯ ಕಲ್ಲಿಗೆ ಎಂಥ ಮಾನಿಟರ್ ಬೇಕು?

(ದೃಶ್ಯ: ಕೇದಾರೇಶ್ವರ ದೇವಾಲಯ, ತಿರುಗಣೆ ಕಂಬಗಳು)
ಬಳ್ಳಿಗಾವಿಯ ಕೇದಾರೇಶ್ವರ ಗುಡಿಯ ಫೋಟೊ ಪರದೆ ಮೇಲೆ ಲಕಲಕ ಹೊಳೆಯುತ್ತೆ, ಪ್ರಿಂಟ್ ಮಾತ್ರ ಕಪ್ಪಗೆ ಬರುತ್ತೆ. ಯಾಕೆ?

11ನೇ ಶತಮಾನದ ಈ ಗುಡಿ ಕಟ್ಟಿರೋದು ಬಳಪದ ಕಲ್ಲಿನಲ್ಲಿ. ಅದರ ಚೆಲುವೆಲ್ಲ ಕಪ್ಪು ಮತ್ತು ಬೂದು ಬಣ್ಣದ ನಡುವಿನ ಸೂಕ್ಷ್ಮ ಛಾಯೆಗಳಲ್ಲಿದೆ. ಪರದೆ ತಾನೇ ಬೆಳಕು ಚೆಲ್ಲುತ್ತೆ. ಕಾಗದ ತನ್ನ ಮೇಲೆ ಬಿದ್ದ ಬೆಳಕನ್ನಷ್ಟೇ ಮರಳಿಸುತ್ತೆ. ಪರದೆ ಅತಿಯಾಗಿ ಬೆಳಗಿದರೆ ಫೋಟೊ ಎಷ್ಟು ಕಪ್ಪಾಗಿದೆ ಅನ್ನೋದೇ ನಮಗೆ ಗೊತ್ತಾಗಲ್ಲ.

(ದೃಶ್ಯ: ಮಾನಿಟರ್ ಸೆಟ್ಟಿಂಗ್)
ಹಾಗಾಗಿ ಕಂಪ್ಯೂಟರ್ ಕೊಳ್ಳುವ ಬಜೆಟ್‌ನಲ್ಲಿ ಮಾನಿಟರ್‌ಗೇ ಮೊದಲ ಪಾಲು. ಐಪಿಎಸ್ ಪ್ಯಾನೆಲ್ ಇರಲಿ, ಎಸ್‌ಆರ್‌ಜಿಬಿ ಬಣ್ಣಗಳನ್ನು ಹೆಚ್ಚುಕಡಿಮೆ ಪೂರ್ತಿ ತೋರಿಸಲಿ. ಬ್ರೈಟ್‌ನೆಸ್ ಸುಮಾರು 100ರಿಂದ 120 ನಿಟ್ಸ್‌ಗೆ ಇಳಿಸಿ. ಕಿಟಕಿಯ ಬಿಸಿಲು ಪರದೆಗೆ ಬೀಳದಿರಲಿ.

(ದೃಶ್ಯ: ಸಿಪಿಯು)
ಕಂಪ್ಯೂಟರ್‌ಗೆ 16 ಜಿಬಿ ರ‍್ಯಾಮ್, ಒಂದು ಎಸ್‌ಎಸ್‌ಡಿ, ಜೊತೆಗೆ ಬ್ಯಾಕಪ್‌ಗೆ ಬೇರೆ ಹಾರ್ಡ್‌ಡಿಸ್ಕ್. ಸಾಮಾನ್ಯ ಫೋಟೊ ಕೆಲಸಕ್ಕೆ ದುಬಾರಿ ಗೇಮಿಂಗ್ ಕಾರ್ಡ್ ಬೇಕಾಗಿಲ್ಲ.

(ದೃಶ್ಯ: ಗಂಡಭೇರುಂಡ ಕಂಬದ ಪ್ರಿಂಟ್)
12×18 ಇಂಚಿನ ಪ್ರಿಂಟ್‌ಗೆ 300 ಡಿಪಿಐ ಲೆಕ್ಕದಲ್ಲಿ 3600×5400 ಪಿಕ್ಸೆಲ್ ಬೇಕು, ಅಂದರೆ ಸುಮಾರು 2 ಕೋಟಿ. 24 ಮೆಗಾಪಿಕ್ಸೆಲ್ ಕ್ಯಾಮೆರಾ ಸಾಕು. ದೊಡ್ಡದು ಹಾಕಿಸುವ ಮುಂಚೆ ನೆರಳಿರುವ ಭಾಗದ ಒಂದು ಸಣ್ಣ ಪ್ರಿಂಟ್ ತೆಗೆಸಿ ನೋಡಿ. ಲ್ಯಾಬ್‌ನವರ ಹತ್ತಿರ ಕಲರ್ ಪ್ರೊಫೈಲ್ ಕೇಳಿ ಪಡೆಯಿರಿ.

ಶಿಕಾರಿಪುರ, ಸೊರಬದ ಸ್ಟುಡಿಯೊ ಗೆಳೆಯರೇ, ಪರದೆಯ ಬಣ್ಣ ಸರಿಪಡಿಸೋ ಕ್ಯಾಲಿಬ್ರೇಟರ್ ಒಬ್ಬರಿಗೆ ದುಬಾರಿ ಅನ್ನಿಸಿದರೆ ನಾಲ್ಕು ಜನ ಸೇರಿ ಒಂದು ಕೊಳ್ಳಿ. ನಮ್ಮೂರ ಶಿಲ್ಪ, ಶಾಸನಗಳ ಒಂದೊಂದು ಗೆರೆಯೂ ಕಾಗದದ ಮೇಲೆ ಉಳಿಯಬೇಕು.